ಏರುತಗ್ಗಿನ ಲೆಕ್ಕ

ಉಲ್ಹಾಸನಗರದ ಬಟ್ಟೆ ಪೇಟೆಯಲ್ಲಿ ‘ಲಾನ್ ತೋರಿಸಿ’ ಅಂದರೆ ಅಂಗಡಿಯವರು ತೆಳ್ಳನೆಯ ಹತ್ತಿ ಬಟ್ಟೆಯ ಥಾನು ಬಿಚ್ಚುತ್ತಾರೆ. ಅಲ್ಲಿಂದ ಕಲ್ಯಾಣದ ಕಡೆ ಹೊರಟವರಿಗೆ ‘ಲಾನ್ಸ್’ ಎಂಬ ಬೋರ್ಡು ಕಂಡರೆ, ಅದು ಮದುವೆ, ಮುಂಜಿ ನಡೆಯುವ ಬಯಲು. ಡೊಂಬಿವಲಿಯ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಅದೇ ಮಾತು ಬಂದರೆ ಅರ್ಥ ಮತ್ತೆ ಬೇರೆ. ಜುಲೈ ಮಳೆಗೆ ಮೊಣಕಾಲೆತ್ತರ ಎದ್ದು, ಯಾರು ಕತ್ತರಿಸಬೇಕು, ಯಾವುದರಿಂದ ಕತ್ತರಿಸಬೇಕು ಎಂಬ ವಾದಕ್ಕೆ ಕಾರಣವಾಗುವ ಹುಲ್ಲು ಅದು.

ಬಟ್ಟೆಯ ಲಾನ್ ಮತ್ತು ಹುಲ್ಲಿನ ಲಾನ್ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದ ಎರಡು ಪದಗಳು. ಬಟ್ಟೆಯ ಹೆಸರು ಫ್ರಾನ್ಸಿನ ಲಾಂ ಎಂಬ ನೇಯ್ಗೆಯ ಊರಿನಿಂದ ಬಂದದ್ದೆಂದು ನಿಘಂಟುಗಳು ಹೇಳುತ್ತವೆ. ಹುಲ್ಲಿನ ಹೆಸರು ಕಾಡಿನ ನಡುವಿನ ಬಯಲನ್ನು ಸೂಚಿಸುತ್ತಿದ್ದ ಹಳೆಯ ಫ್ರೆಂಚ್ ಪದದಿಂದ ಬಂತು. ಇವೆರಡಕ್ಕೂ ನಂಟಿಲ್ಲ. ಆದರೆ ಕನ್ನಡ ಮಾತ್ರ ಹುಲ್ಲನ್ನೂ ಬಟ್ಟೆಯನ್ನೂ ಒಂದೇ ಮಾತಿನಲ್ಲಿ ಹಿಡಿಯುತ್ತದೆ. ನಾವು ‘ಹುಲ್ಲುಹಾಸು’ ಎನ್ನುತ್ತೇವೆ. ಹಾಸು ಎಂದರೆ ನೆಲದ ಮೇಲೆ ಬಿಚ್ಚಿ ಹರಡಿದ್ದು, ಚಾಪೆಯಂತೆ, ಜಮಖಾನದಂತೆ. ಇತಿಹಾಸ ನೋಡಿದರೆ ಈ ಮಾತಿನಲ್ಲಿ ತಥ್ಯವಿದೆ. ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು ತೋಟದಲ್ಲಲ್ಲ, ಬಟ್ಟೆಯ ಮಿಲ್ಲಿನಲ್ಲಿ. ನೆಲ ಹಾಸಿದ ಬಟ್ಟೆಯಂತೆ ಸಪಾಟಾಗಿರಬೇಕು ಎಂಬ ಅದರ ಹಟವೂ ಅಲ್ಲಿಂದಲೇ ಬಂತು.

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಸ್ಟ್ರೌಡ್ ಎಂಬ ಊರಿದೆ. ಸೈನಿಕರ ಸಮವಸ್ತ್ರಕ್ಕೆ ಬೇಕಾದ ಕೆಂಪು ಉಣ್ಣೆ ಬಟ್ಟೆಗೆ ಅದು ಹೆಸರಾಗಿತ್ತು. ನೇಯ್ದ ಉಣ್ಣೆ ಬಟ್ಟೆಯ ಮೇಲೆ ಜುಂಗು ಎದ್ದಿರುತ್ತದೆ. ಅದನ್ನು ಒಂದೇ ಮಟ್ಟಕ್ಕೆ ಸವರಲು ಅಲ್ಲಿನ ಮಿಲ್ಲುಗಳಲ್ಲಿ ಒಂದು ಯಂತ್ರವಿತ್ತು: ಉದ್ದನೆಯ ಉರುಳೆಗೆ ಸುರುಳಿಯಾಗಿ ಸುತ್ತಿದ ಅಲಗುಗಳು, ಅವುಗಳ ಕೆಳಗೆ ಅಲುಗಾಡದ ಇನ್ನೊಂದು ಅಲಗು. ಉರುಳೆ ತಿರುಗಿದಂತೆ ಎರಡೂ ಸೇರಿ ಕತ್ತರಿಯಂತೆ ಕೆಲಸ ಮಾಡುತ್ತಿದ್ದವು. ಸ್ಟ್ರೌಡ್ ಪಕ್ಕದ ಥ್ರಪ್‌ನಲ್ಲಿ ಯಂತ್ರಗಳ ಕೆಲಸ ಮಾಡುತ್ತಿದ್ದ ಎಡ್ವಿನ್ ಬಡ್ಡಿಂಗ್ ಇದನ್ನು ಹುಲ್ಲಿಗೆ ಒಗ್ಗಿಸಿದ. ಕೆಳಗೆ ಸರಿಯುವ ಬಟ್ಟೆಯ ಬದಲು ನಿಂತ ನೆಲ, ನಿಂತ ಯಂತ್ರದ ಬದಲು ತಳ್ಳುವ ಗಾಡಿ. ನೆಲದ ಮೇಲೆ ಉರುಳುವ ಭಾಗವೇ ಹಲ್ಲುಚಕ್ರಗಳ ಮೂಲಕ ಅಲಗುಗಳನ್ನೂ ತಿರುಗಿಸುತ್ತಿತ್ತು. 1830ರ ಆಗಸ್ಟ್ 31ರಂದು ಅವನಿಗೆ ಪೇಟೆಂಟ್ ಸಿಕ್ಕಿತು. ಜಾನ್ ಫೆರಾಬಿ ಎಂಬವನ ಫೌಂಡ್ರಿಯಲ್ಲಿ ಮೊದಲ ಯಂತ್ರಗಳು ತಯಾರಾದವು. 1832ರಲ್ಲಿ ರಾನ್ಸಮ್ಸ್ ಕಂಪನಿ ಪರವಾನಗಿ ಪಡೆದು ತಾನೂ ತಯಾರಿಸತೊಡಗಿತು.

ಅದಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹುಲ್ಲು ಕೊಯ್ಯುತ್ತಿದ್ದದ್ದು ಉದ್ದ ಹಿಡಿಯ ದೊಡ್ಡ ಕುಡುಗೋಲಿನಿಂದ. ಇಬ್ಬನಿ ಆರುವ ಮೊದಲೇ ಕೆಲಸ ಮುಗಿಯಬೇಕಿತ್ತು. ಒದ್ದೆ ಹುಲ್ಲು ಅಲಗಿಗೆ ಎದುರಾಗಿ ನಿಲ್ಲುತ್ತದೆ, ಒಣಗಿದ್ದು ಬಾಗಿ ತಪ್ಪಿಸಿಕೊಳ್ಳುತ್ತದೆ. ಬಡ್ಡಿಂಗನ ಯಂತ್ರಕ್ಕೆ ಒಣ ಹುಲ್ಲೇ ಬೇಕು. ಹೀಗೆ ಹುಲ್ಲು ಕತ್ತರಿಸುವ ಹೊತ್ತೇ ಬದಲಾಯಿತು. ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಕುಡುಗೋಲು ಹಿಡಿದವನ ಮಣಿಕಟ್ಟು ದಿಣ್ಣೆ ಬಂದಲ್ಲಿ ಏರುತ್ತಿತ್ತು, ತಗ್ಗು ಬಂದಲ್ಲಿ ಇಳಿಯುತ್ತಿತ್ತು. ನೆಲದ ಏರುತಗ್ಗಿನ ಲೆಕ್ಕವನ್ನು ಅವನ ಕೈ ತೀರಿಸುತ್ತಿತ್ತು. ಉರುಳೆಯ ಯಂತ್ರಕ್ಕೆ ಮಣಿಕಟ್ಟಿಲ್ಲ. ಎರಡು ಚಕ್ರಗಳು ತಗ್ಗಿನಲ್ಲಿಳಿದು ನಡುವೆ ಒಂದು ದಿಣ್ಣೆ ಉಳಿದರೆ, ಅಲಗು ನೇರವಾಗಿ ಆ ದಿಣ್ಣೆಯ ನೆತ್ತಿ ಬೋಳಿಸುತ್ತದೆ. ಹಸಿರು ಹೋಗಿ ಮಣ್ಣು ಕಾಣುತ್ತದೆ. ಕಲ್ಲು ಸಿಕ್ಕರೆ ಅಲಗೇ ಮುಕ್ಕಾಗುತ್ತದೆ. ಹಾಗಾಗಿ ಈ ಯಂತ್ರವಿದ್ದ ತೋಟಗಳಲ್ಲಿ ಕಬ್ಬಿಣದ ರೋಲರ್ ಕೂಡ ಇರುತ್ತಿತ್ತು. ಏರುತಗ್ಗಿನ ಲೆಕ್ಕ ಕೈಯಿಂದ ನೆಲಕ್ಕೆ ದಾಟಿತು. ಯಂತ್ರ ಬದಲಾಗುವುದಿಲ್ಲವಾದ್ದರಿಂದ ನೆಲವೇ ಬದಲಾಗಬೇಕಾಯಿತು.

ಭಾರತದಲ್ಲಿ ಈ ದಾಟುವಿಕೆ ಅಷ್ಟು ಸರಳವಾಗಿರಲಿಲ್ಲ. ಬ್ರಿಟಿಷರ ಬಂಗಲೆಗಳಲ್ಲಿ ಕುದುರೆಯಿದ್ದರೆ ಅದನ್ನು ನೋಡಿಕೊಳ್ಳಲು ಒಬ್ಬ ಸಾಯಿಸ್ ಇರುತ್ತಿದ್ದ, ಹುಲ್ಲು ತರಲು ಇನ್ನೊಬ್ಬ. ಹಿಂದಿಯಲ್ಲಿ ಅವನು ಘಸಿಯಾರಾ, ಸಾಹೇಬರ ಲೆಕ್ಕದ ಪುಸ್ತಕದಲ್ಲಿ ‘ಗ್ರಾಸ್‌ಕಟರ್’. ಆ ಹೆಸರು ಯಂತ್ರದ್ದಲ್ಲ, ಮನುಷ್ಯನದ್ದು. ಕುಕ್ಕರುಗಾಲಲ್ಲಿ ಕೂತು ಖುರ್ಪಿಯಿಂದ ಹುಲ್ಲನ್ನು ಬುಡಸಮೇತ ಹೆರೆದು, ಮಣ್ಣು ಕೊಡವಿ, ಹೊರೆ ಕಟ್ಟಿ ತರುವುದು ಅವನ ಕೆಲಸ. ಅವನು ತರುತ್ತಿದ್ದ ಒಳ್ಳೆಯ ಹುಲ್ಲು ಹೆಚ್ಚಾಗಿ ದೂಬ್, ಅಂದರೆ ನಮ್ಮ ಗರಿಕೆ. ಗಣಪತಿಗೆ ಏರಿಸುವ, ಮರಾಠಿಯವರು ಹರಳಿ ಎನ್ನುವ ಅದೇ ಗರಿಕೆಯೇ ಬಂಗಲೆಯ ಲಾನಿನ ಹುಲ್ಲೂ ಆಯಿತು. ತುಳಿದರೂ ಸಾಯದ, ಕತ್ತರಿಸಿದಷ್ಟೂ ಅಡ್ಡಡ್ಡ ಹಬ್ಬುವ ಹುಲ್ಲು ಬಿಸಿಲಿನ ನಾಡಿನಲ್ಲಿ ಅದಕ್ಕಿಂತ ಸುಲಭವಾಗಿ ಸಿಗುತ್ತಿರಲಿಲ್ಲ.

1809ರಲ್ಲಿ ಶುರುವಾದ ಬೆಂಗಳೂರು ದಂಡಿನಂಥ ಕಂಟೋನ್ಮೆಂಟುಗಳಲ್ಲಿ ಬಂಗಲೆ, ಅದರ ಸುತ್ತ ಕಾಂಪೌಂಡು, ಮುಂದೆ ಹುಲ್ಲುಹಾಸು ಎಂಬ ನಕ್ಷೆ ನೆಲೆಯೂರಿತು. ಯಂತ್ರ ಬಂದ ಮೇಲೂ ಕೂಲಿ ತಪ್ಪಲಿಲ್ಲ. ದೊಡ್ಡ ಉದ್ಯಾನಗಳಲ್ಲಿ ಮೋವರ್‌ಗೆ ಎತ್ತು ಕಟ್ಟಿದರು. ಇಂಗ್ಲೆಂಡಿನಲ್ಲಿ 1842ರ ಹೊತ್ತಿಗೇ ಕುದುರೆ ಎಳೆಯುವ ಮೋವರ್ ಬಂದಿತ್ತು, ಗೊರಸಿನ ಗುರುತು ಬೀಳದಿರಲೆಂದು ಕುದುರೆಗೆ ಚರ್ಮದ ಬೂಟು ತೊಡಿಸುತ್ತಿದ್ದರು. ದೆಹಲಿಯ ಸ್ಮಾರಕಗಳ ಸುತ್ತಲಿನ ತೋಟಗಳಲ್ಲಿ ಎತ್ತು ಎಳೆಯುವ ಮೋವರ್ ಸ್ವಾತಂತ್ರ್ಯ ಬಂದು ದಶಕಗಳಾದರೂ ಕಾಣಿಸುತ್ತಿತ್ತು. ಎತ್ತು ನಡೆಯುವ ಮೊದಲು ಕಲ್ಲು ಆಯುವವರು, ಗುಂಡಿ ತುಂಬುವವರು, ರೋಲರ್ ಎಳೆಯುವವರು ಬೇಕೇ ಬೇಕು. ಸಪಾಟು ನೆಲ ಎನ್ನುವುದು ಎಷ್ಟೋ ಜನರ ಬೆನ್ನಿನಿಂದ ತಯಾರಾದ ವಸ್ತು.

ಕಲ್ಯಾಣದ ಪಕ್ಕದ ನೆಲದ ಕಥೆ ಬೇರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಸೈನಿಕರಿಗೆಂದು ದೊಡ್ಡ ಶಿಬಿರ ಕಟ್ಟಿದರು. ಯುದ್ಧ ಮುಗಿಯಿತು, ದೇಶ ಒಡೆಯಿತು. ಸಿಂಧ್ ಬಿಟ್ಟು ಬಂದ ಸುಮಾರು ಒಂದು ಲಕ್ಷ ಜನ ಆ ಖಾಲಿ ಬ್ಯಾರಕ್‌ಗಳಲ್ಲಿ ನೆಲೆ ಕಂಡರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅಲ್ಲಿ ಹೊಸ ಊರಿಗೆ ಅಡಿಗಲ್ಲು ಹಾಕಿದರು. ಉಲ್ಹಾಸ ನದಿಯ ಹೆಸರಿನಿಂದ ಅದು ಉಲ್ಹಾಸನಗರವಾಯಿತು. ಇಂದಿಗೂ ಅಲ್ಲಿನವರು ವಿಳಾಸ ಹೇಳುವಾಗ ಒಂದರಿಂದ ಐದರವರೆಗಿನ ಕ್ಯಾಂಪ್ ಸಂಖ್ಯೆಯನ್ನೇ ಹೇಳುತ್ತಾರೆ. ಬ್ಯಾರಕ್ಕಿನ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಹೊರಗಿನ ಜಾಗ ಹುಲ್ಲುಹಾಸಲ್ಲ. ಅದು ಹಪ್ಪಳ ಒಣಗಿಸುವ, ಸಾಮಾನು ಹರಡಿ ಮಾರುವ, ಮುಂದೆ ಒಂದು ಕೋಣೆ ಎಳೆದುಕೊಳ್ಳುವ ಜಾಗ. ದಂಡಿನ ಬಂಗಲೆ ಮತ್ತು ದಂಡಿನ ಶಿಬಿರ ಒಂದೇ ಸಾಮ್ರಾಜ್ಯದ ಎರಡು ಗುರುತುಗಳು. ಒಂದರ ಅಂಗಳ ಲಾನ್ ಆಯಿತು, ಇನ್ನೊಂದರದು ಪೇಟೆಯಾಯಿತು.

ಹುಲ್ಲು ಈ ಪಟ್ಟಿಗೆ ಬಂದದ್ದು ನಂತರ, ಬಂಗಲೆಗಳ ಮುಂದೆ, ಸೊಸೈಟಿಗಳ ಒಳಗೆ, ಮದುವೆಯ ಬಯಲುಗಳಲ್ಲಿ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ನೆಲಮಹಡಿಯ ಒಂದು ತುಂಡು ಅಂಗಳ ಸಿಕ್ಕರೆ ಮೊದಲು ತುಳಸಿ, ಆಮೇಲೆ ದಾಸವಾಳ, ಉಳಿದದ್ದಕ್ಕೆ ಹುಲ್ಲು. ಆದರೆ ಇಲ್ಲಿನ ನೆಲ ಸುಮ್ಮನೆ ಮಲಗುವುದಿಲ್ಲ. ಕೆಳಗೆ ಕರಿಬಂಡೆ, ಮೇಲೆ ತೆಳ್ಳಗೆ ಗರಸು, ಅದರ ಮೇಲೆ ಕಟ್ಟಡದವರು ಬಿಟ್ಟುಹೋದ ಇಟ್ಟಿಗೆ, ಸಿಮೆಂಟಿನ ಚೂರು, ಅದನ್ನು ಮುಚ್ಚಿದ ಕೆಂಪು ಮಣ್ಣು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 2500 ಮಿಲಿಮೀಟರ್ ಮಳೆ. ತುಂಬಿದ ಮಣ್ಣು ಒಂದೊಂದು ಕಡೆ ಒಂದೊಂದು ಅಳತೆಗೆ ಕುಸಿಯುತ್ತದೆ, ಪೈಪಿಗೆಂದು ಅಗೆದ ಸಾಲು ತಗ್ಗಾಗುತ್ತದೆ, ಹೆಗ್ಗಣ ಬಿಲ ತೋಡುತ್ತದೆ. ಗರಿಕೆ ಬೇಡವೆಂದು ಕೊರಿಯನ್ ಹುಲ್ಲು ಹಾಕಿಸಿದರೆ, ಕತ್ತರಿಸದೆ ಬಿಟ್ಟಾಗ ಅದು ತಾನೇ ಗುಡ್ಡಗುಡ್ಡವಾಗಿ ಉಬ್ಬುತ್ತದೆ.

ಇಂಥ ನೆಲಕ್ಕೆ ಯಂತ್ರದ ಇತಿಹಾಸದಲ್ಲಿ ಎರಡು ಉತ್ತರಗಳಿವೆ. ಮೊದಲನೆಯದು ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಿಂದ ಬಂತು. ಅಲ್ಲಿ ಸಣ್ಣ ಮನೆಯವರಿಗೂ ಹುಲ್ಲಿನ ಅಂಗಳವಿತ್ತು, ಆಳುಗಳಿರಲಿಲ್ಲ. 1870ರಲ್ಲಿ ಇಂಡಿಯಾನಾ ರಾಜ್ಯದ ಎಲ್ವುಡ್ ಮೆಗೈರ್ ಹಗುರವಾದ, ಒಬ್ಬರೇ ತಳ್ಳಬಹುದಾದ ಮೋವರ್ ರೂಪಿಸಿದ. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ, ಎರಡು ಬದಿಗೆ ಚಕ್ರವಿರುವ ಕೈಮೋವರ್ ಆ ವಂಶದ್ದೇ. ಎರಡನೆಯ ಉತ್ತರ 1952ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಿಕ್ಕಿತು. ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ತನ್ನ ಮನೆಯ ಗ್ಯಾರೇಜಿನಲ್ಲಿ, ಪೀಚ್ ಹಣ್ಣಿನ ಖಾಲಿ ಡಬ್ಬಿಯನ್ನೇ ಪೆಟ್ರೋಲ್ ಟ್ಯಾಂಕ್ ಮಾಡಿ ಒಂದು ಯಂತ್ರ ಕಟ್ಟಿದ. ಮುಂದೆ ಅದು ವಿಕ್ಟಾ ಎಂದು ಹೆಸರಾಯಿತು. ಅದರಲ್ಲಿ ಕತ್ತರಿಯಿಲ್ಲ. ಅಲಗು ಫ್ಯಾನಿನಂತೆ ಅಡ್ಡಡ್ಡ ಸುತ್ತಿ, ವೇಗದಿಂದಲೇ ಹುಲ್ಲನ್ನು ಬಡಿದು ತುಂಡರಿಸುತ್ತದೆ. ಕೆಳಗಿನ ಅಲಗಿನ ಹಂಗಿಲ್ಲದ್ದರಿಂದ ಅದನ್ನು ಎತ್ತರಕ್ಕೆ ಏರಿಸಿ, ಒರಟು ನೆಲದ ಮೇಲೆ, ಉದ್ದ ಹುಲ್ಲಿನ ಮೇಲೆ ಓಡಿಸಬಹುದು. ಏರುತಗ್ಗಿನ ಲೆಕ್ಕ ಈ ಸಲ ಪೆಟ್ರೋಲಿಗೆ, ಸದ್ದಿಗೆ ದಾಟಿತು. ಜೊತೆಗೆ ಹಾರುವ ಕಲ್ಲಿನಿಂದ ತಪ್ಪಿಸಿಕೊಳ್ಳಬೇಕಾದ ಕಣ್ಣಿಗೂ ದಾಟಿತು.

ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಅಂಗಳವನ್ನೇ ಕೇಳುವುದು ಒಳ್ಳೆಯದು. ಒಂದೂವರೆ ಅಡಿ ಉದ್ದದ ನೇರ ಪಟ್ಟಿಯನ್ನು ಹತ್ತಾರು ಕಡೆ ನೆಲದ ಮೇಲಿಟ್ಟು ನೋಡಬೇಕು. ಪಟ್ಟಿಯ ಕೆಳಗೆ ಬೆರಳು ತೂರುವಷ್ಟೇ ಸಂದಿದ್ದರೆ ಕೈಮೋವರ್ ಸಾಕು. ಮುಷ್ಟಿ ತೂರಿದರೆ ಮೊದಲು ಮಣ್ಣಿನ ಕೆಲಸ, ಇಲ್ಲವೇ ಫ್ಯಾನಿನಂತೆ ಸುತ್ತುವ ಯಂತ್ರ. ಕೈಮೋವರ್ ಕೊಳ್ಳುವುದಾದರೆ ಅಗಲ ಕಡಿಮೆಯಿರಲಿ. 18 ಇಂಚಿನ ಅಲಗು ದಾಟಲಾರದ ದಿಣ್ಣೆಯನ್ನು 12 ಇಂಚಿನದು ಪಕ್ಕಕ್ಕಿಟ್ಟು ಸಾಗುತ್ತದೆ. ಚಕ್ರ ದೊಡ್ಡದಿದ್ದರೆ ಗುಂಡಿಗೆ ಬೀಳುವುದು ಕಡಿಮೆ. ಕತ್ತರಿಸುವ ಎತ್ತರ ಎರಡು ಇಂಚಿನವರೆಗಾದರೂ ಏರುವಂತಿರಬೇಕು, ಏರುತಗ್ಗಿನ ನೆಲದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಅಲಗು ಹರಿತವೇ ಎಂದು ತಿಳಿಯಲು ಎರಡು ಅಲಗುಗಳ ನಡುವೆ ಒಂದು ಚೂರು ಕಾಗದ ಇಟ್ಟು, ಉರುಳೆಯನ್ನು ಹುಷಾರಾಗಿ ಕೈಯಿಂದ ತಿರುಗಿಸಿದರೆ ಸಾಕು. ಉದ್ದಕ್ಕೂ ಒಂದೇ ಸಮ ಕತ್ತರಿಸಬೇಕು.

ಬಳಸುವಾಗ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಮ್ಮೆಗೇ ತೆಗೆಯಬಾರದು. ಮಳೆಗಾಲದಲ್ಲಿ ಹದಿನೈದು ದಿನ ಬಿಟ್ಟರೆ ಕೈಮೋವರ್ ಹುಲ್ಲನ್ನು ಕತ್ತರಿಸದೆ ಮಲಗಿಸುತ್ತದೆ. ಎರಡು ದಿನ ಮಳೆ ಬಿಟ್ಟ ಮಧ್ಯಾಹ್ನ ಸಿಕ್ಕಾಗ ಬಿಡಬಾರದು. ಒಮ್ಮೆ ಉದ್ದಕ್ಕೆ ಹೋದರೆ ಮುಂದಿನ ಸಲ ಅಡ್ಡಕ್ಕೆ, ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ ಕಾಲುಭಾಗ ಹಾಯುವಂತೆ. ದಿಣ್ಣೆ ಬಂದಲ್ಲಿ ಹಿಡಿಯನ್ನು ತುಸು ಒತ್ತಿದರೆ ಅಲಗು ಮೇಲೇಳುತ್ತದೆ. ಕುಡುಗೋಲಿನವನ ಮಣಿಕಟ್ಟು ಮಾಡುತ್ತಿದ್ದದ್ದೂ ಅದನ್ನೇ.

ನೆಲವನ್ನು ತಿದ್ದಲು ರೋಲರ್ ಉರುಳಿಸುವುದು ಹಳೆಯ ತಪ್ಪು. ಒದ್ದೆ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಸಿಗುವುದಿಲ್ಲ, ದಿಣ್ಣೆ ಹಾಗೇ ಉಳಿಯುತ್ತದೆ. ಮಳೆ ಶುರುವಾಗಿ ಗರಿಕೆ ಚಿಗುರುವಾಗ, ಜರಡಿ ಹಿಡಿದ ಮಣ್ಣು, ಮರಳು, ಗೊಬ್ಬರ ಬೆರೆಸಿ ತಗ್ಗಿಗೆ ಅರ್ಧ ಇಂಚು ಎಳೆಯಬೇಕು. ಹುಲ್ಲಿನ ತುದಿ ಕಾಣುತ್ತಿರಬೇಕು. ಅದು ಮಣ್ಣನ್ನು ದಾಟಿ ಮೇಲೆ ಬಂದಮೇಲೆ ಇನ್ನೊಂದು ಪದರ. ದೊಡ್ಡ ಗುಂಡಿಯಾದರೆ ಹುಲ್ಲನ್ನು ಚಾಪೆಯಂತೆ ಕೊಯ್ದು ಮಡಚಿ, ಕೆಳಗೆ ಮಣ್ಣು ತುಂಬಿ, ಮತ್ತೆ ಹಾಸಬೇಕು. ಹಾಸು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಎರಡು ಮಳೆಗಾಲದಲ್ಲಿ ಅಂಗಳದ ಗುಣ ಬದಲಾಗುತ್ತದೆ.

ಇಷ್ಟಾದರೂ ಗೋಡೆಯಂಚು, ಮರದ ಬುಡ, ಚರಂಡಿಯ ಪಕ್ಕ ಯಾವ ಯಂತ್ರಕ್ಕೂ ಸಿಗುವುದಿಲ್ಲ. ಅಲ್ಲಿಗೆ ಇಂದಿಗೂ ಮಾಳಿಯೊಬ್ಬರು ಕುಡುಗೋಲು ಹಿಡಿದು ಕೂರಬೇಕು. ಸೊಸೈಟಿಯ ಸಭೆಯಲ್ಲಿ ಯಂತ್ರದ ಬೆಲೆ ಓದುವಾಗ ಅವರ ಕೂಲಿಯನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಏಕೆಂದರೆ ಸುಮಾರು ಇನ್ನೂರು ವರ್ಷಗಳಲ್ಲಿ ಏರುತಗ್ಗಿನ ಲೆಕ್ಕ ಕೈಯಿಂದ ನೆಲಕ್ಕೆ, ನೆಲದಿಂದ ಎಂಜಿನ್ನಿಗೆ ದಾಟಿದೆಯೇ ಹೊರತು ಎಲ್ಲಿಯೂ ಮನ್ನಾ ಆಗಿಲ್ಲ.