ಗಣಕದ ತೆರೆಗೆ ಕನ್ನಡ ತಂದ ಕಾರ್ಡು

ಡೆಸ್ಕ್‌ಟಾಪ್ ಗಣಕದ ಕ್ಯಾಬಿನೆಟ್ ಬಿಚ್ಚಿ ಹೊಸ ಗ್ರಾಫಿಕ್ಸ್ ಕಾರ್ಡು ಕೂಡಿಸುವುದು ಇಂದು ಆಟಗಾರರಿಗೆ, ವಿಡಿಯೊ ಸಂಕಲನಕಾರರಿಗೆ ಸೇರಿದ ಕೆಲಸವೆಂದು ತೋರಿದರೂ, ಭಾರತೀಯ ಭಾಷೆಗಳ ಮಟ್ಟಿಗೆ ಈ ರೂಢಿಯ ಮೊದಲ ಮಹತ್ವದ ಅಧ್ಯಾಯ ಬರೆಯಲ್ಪಟ್ಟದ್ದು ಅಕ್ಷರಗಳಿಗಾಗಿ. ಬೆಂಗಳೂರಿನ ತಂತ್ರಜ್ಞಾನದ ಚರಿತ್ರೆಯನ್ನು ಕಂಪನಿಗಳ ಹೆಸರುಗಳಿಂದಲೇ ಕಟ್ಟುವವರು ಈ ಅಧ್ಯಾಯವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದು ಗಮನಕ್ಕೆ ಅರ್ಹವಾದದ್ದು.

1981ರಲ್ಲಿ ಐಬಿಎಂ ಕಂಪನಿಯು ಹೊರತಂದ ಪರ್ಸನಲ್ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ, ಅಂದರೆ ಎಲ್ಲ ಭಾಗಗಳೂ ಬಂದು ಸೇರುವ ಮೂಲ ಹಲಗೆಯಲ್ಲಿ, ತೆರೆಗೆ ಚಿತ್ರ ಕಳುಹಿಸುವ ವ್ಯವಸ್ಥೆಯೇ ಇರಲಿಲ್ಲ. ಹಲಗೆಯ ಮೇಲಿನ ಐದು ಸ್ಲಾಟುಗಳಲ್ಲಿ ಒಂದಕ್ಕೆ ಪ್ರತ್ಯೇಕ ಕಾರ್ಡು ಹಾಕಿದ ಮೇಲೆಯೇ ತೆರೆ ಬೆಳಗುತ್ತಿತ್ತು. ಆಗ ದೊರೆಯುತ್ತಿದ್ದ ಎಂಡಿಎ ಎಂಬ ಕಾರ್ಡು ತನ್ನೊಳಗೆ ಅಚ್ಚೊತ್ತಿದ 256 ಚಿಹ್ನೆಗಳನ್ನು ಮಾತ್ರ ತೋರಿಸಬಲ್ಲದಾಗಿತ್ತು. ಸಿಜಿಎ ಎಂಬ ಇನ್ನೊಂದು ಕಾರ್ಡು ಚಿತ್ರ ಬಿಡಿಸಬಲ್ಲದಾದರೂ ಅದರ ಗರಿಷ್ಠ ಸಾಮರ್ಥ್ಯ 640 × 200 ಚುಕ್ಕೆಗಳು. ಒತ್ತಕ್ಷರ ಕೆಳಗಿಳಿಯುವ, ಗುಣಿತದ ಚಿಹ್ನೆ ಮೇಲೆಯೂ ಬಲಕ್ಕೂ ಹಬ್ಬುವ, ಒಂದು ಅಕ್ಷರಕ್ಕಿಂತ ಇನ್ನೊಂದು ಅಗಲವಾಗಿರುವ ಲಿಪಿಗೆ ಇವೆರಡರಲ್ಲಿಯೂ ಸ್ಥಳವಿರಲಿಲ್ಲ. ಇದು ಕನ್ನಡವೊಂದರ ಕಷ್ಟವಾಗಿರಲಿಲ್ಲ. ಅಮೆರಿಕದಲ್ಲಿದ್ದ ವ್ಯಾನ್ ಸುವನ್ನುಕುಲ್ ಅವರು ತಮ್ಮ ಡಾಕ್ಟರೇಟ್ ಪ್ರಬಂಧವನ್ನು ಥಾಯ್ ಲಿಪಿಯಲ್ಲಿ ಸಿದ್ಧಪಡಿಸಲು ಯೋಗ್ಯವಾದ ಕಾರ್ಡು ಇಲ್ಲದ್ದರಿಂದ ತಾವೇ ಒಂದನ್ನು ರೂಪಿಸಿದರು. 720 × 348 ಚುಕ್ಕೆಗಳ ಆ ಕಾರ್ಡೇ 1982ರ ಹರ್ಕ್ಯುಲಿಸ್. ಮುಂದೆ ಜಗತ್ತಿನಾದ್ಯಂತ ಅನುಕರಣೆಗೊಂಡ ಕಾರ್ಡೊಂದು ಏಷ್ಯಾದ ಲಿಪಿಯೊಂದರ ಅಗತ್ಯದಿಂದ ಹುಟ್ಟಿತೆಂಬುದು ಗ್ರಾಫಿಕ್ಸ್ ಕಾರ್ಡಿನ ಇತಿಹಾಸದಲ್ಲಿ ಮುಖ್ಯವಾದ ಸಂಗತಿ.

ಭಾರತದಲ್ಲಿ ಇದೇ ಪ್ರಶ್ನೆಗೆ ಕಾನ್ಪುರದ ಐಐಟಿಯಲ್ಲಿ ಉತ್ತರದ ಹುಡುಕಾಟ ನಡೆಯಿತು. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ ಆ ಕೆಲಸವನ್ನು ಜಿಸ್ಟ್ ಕಾರ್ಡಿನ ರೂಪದಲ್ಲಿ ಬಳಕೆಗೆ ತಂದಿತು. ಗ್ರಾಫಿಕ್ಸ್ ಅಂಡ್ ಇಂಟೆಲಿಜೆನ್ಸ್ ಬೇಸ್ಡ್ ಸ್ಕ್ರಿಪ್ಟ್ ಟೆಕ್ನಾಲಜಿ ಎಂಬುದು ಅದರ ಪೂರ್ಣ ಹೆಸರು. ಇದು ಇಂದಿನ ಅರ್ಥದ ಗ್ರಾಫಿಕ್ಸ್ ಕಾರ್ಡಲ್ಲವಾದರೂ ತೆರೆಯ ಮೇಲೆ ಯಾವ ಆಕೃತಿ ಮೂಡಬೇಕೆಂಬುದನ್ನು ನಿರ್ಧರಿಸುವ ಹೊಣೆ ಅದರದೇ ಆಗಿತ್ತು. ಇಂಗ್ಲಿಷಿಗಾಗಿಯೇ ಬರೆದ ವರ್ಡ್‌ಸ್ಟಾರ್, ಡಿಬೇಸ್‌ನಂಥ ಡಾಸ್ ತಂತ್ರಾಂಶಗಳನ್ನು ತಿದ್ದದೆಯೇ ಅವುಗಳಲ್ಲಿ ಕನ್ನಡ ಬರೆಯುವುದನ್ನು, ಕನ್ನಡದ ಹೆಸರುಗಳ ಪಟ್ಟಿ ಇಡುವುದನ್ನು ಅದು ಸಾಧ್ಯಗೊಳಿಸಿತು. ಇದಕ್ಕೆ ಆಧಾರವಾದದ್ದು ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿದ ಇಸ್ಕಿ ಸಂಕೇತ ವ್ಯವಸ್ಥೆ. ಇದರಲ್ಲಿ ಬ್ರಾಹ್ಮಿ ಮೂಲದ ಲಿಪಿಗಳ ಸಮಾನ ಧ್ವನಿಗಳಿಗೆ ಒಂದೇ ಸಂಖ್ಯೆ ಇರುವುದರಿಂದ, ನಾಸಿಕ್ ಜಿಲ್ಲೆಯ ಸಟಾಣಾ ಎಂಬ ಊರಿನ ಹೆಸರನ್ನು ಕನ್ನಡದಲ್ಲಿ ಟೈಪಿಸಿದರೆ ಸಂಗ್ರಹವಾಗುವ ಐದು ಅಕ್ಷರಸಂಕೇತಗಳೇ, ಲಿಪಿಯನ್ನು ಬದಲಿಸಿದೊಡನೆ, ದೇವನಾಗರಿಯಲ್ಲಿ ಅದೇ ಹೆಸರಾಗಿ ಕಾಣಿಸುತ್ತವೆ. ಗಡಿಯ ಎರಡೂ ಬದಿಗೆ ಎರಡು ಲಿಪಿಗಳಿರುವ ದೇಶದಲ್ಲಿ ಇದಕ್ಕಿಂತ ವಿವೇಕದ ಯೋಜನೆಯನ್ನು ಊಹಿಸುವುದು ಕಷ್ಟ.

ಆ ಕಾಲದಲ್ಲಿ ಕಾರ್ಡನ್ನು ಗುರುತಿಸುವ ಮತ್ತು ಕೂಡಿಸುವ ಕೆಲಸ ಕಣ್ಣು ಹಾಗೂ ಬೆರಳುಗಳ ವಿದ್ಯೆಯಾಗಿತ್ತು. ಐಎಸ್‌ಎ ಎಂದು ಹೆಸರಾದ ಕಪ್ಪು ಸ್ಲಾಟಿನ ಹಳೆಯ ರೂಪದಲ್ಲಿ 62 ಸಂಪರ್ಕಗಳಿದ್ದವು. 1984ರ ಎಟಿ ಮಾದರಿಯಲ್ಲಿ ಅದರ ಮುಂದೆ 36 ಸಂಪರ್ಕಗಳ ಇನ್ನೊಂದು ತುಂಡು ಸೇರಿತು. ಹೀಗಾಗಿ ಸ್ಲಾಟಿನ ಉದ್ದವನ್ನು ನೋಡಿಯೇ ಯಂತ್ರದ ತಲೆಮಾರನ್ನು ಹೇಳಬಹುದಿತ್ತು. ಹಿಂಬದಿಯ ಕನೆಕ್ಟರಿನಲ್ಲಿ ಒಂಬತ್ತು ಪಿನ್ನುಗಳಿದ್ದರೆ ಹಳೆಯ ಕಾರ್ಡು, ಮೂರು ಸಾಲುಗಳಲ್ಲಿ ಹದಿನೈದಿದ್ದರೆ 1987ರ ವಿಜಿಎ ಅಥವಾ ಅದರ ಸಂತತಿ. ಎಂಡಿಎ ಮತ್ತು ಸಿಜಿಎ ಎರಡರ ಕನೆಕ್ಟರೂ ಒಂದೇ ಆಕಾರದ್ದಾಗಿದ್ದುದರಿಂದ ತಪ್ಪು ಮಾನಿಟರನ್ನು ಜೋಡಿಸಿದರೆ ಅದು ಹಾಳಾಗುವ ಅಪಾಯವಿತ್ತು. ಕಾರ್ಡು ಸರಿಯಾಗಿ ಕೂರದಿದ್ದರೆ ಗಣಕದ ಸ್ಪೀಕರು, ಅವಾರ್ಡ್ ಕಂಪನಿಯ ಬಯೋಸ್ ಇದ್ದಲ್ಲಿ, ಒಂದು ದೀರ್ಘ ಮತ್ತು ಎರಡು ಹ್ರಸ್ವ ಸದ್ದು ಹೊರಡಿಸುತ್ತಿತ್ತು. ಬಯೋಸ್ ಎಂದರೆ ಯಂತ್ರ ಎಚ್ಚರಗೊಂಡಾಗ ಮೊದಲು ನಡೆಯುವ ಪರೀಕ್ಷಾ ತಂತ್ರಾಂಶ. ರಿಪೇರಿಯವರ ಭಾಷೆಯಲ್ಲಿ ‘ಡಿಸ್‌ಪ್ಲೇ ಬರುತ್ತಿಲ್ಲ’ ಎನಿಸಿಕೊಳ್ಳುವ ಈ ದೋಷಕ್ಕೆ ಮೊದಲ ಚಿಕಿತ್ಸೆ ಈಗಲೂ ಒಂದೇ: ವಿದ್ಯುತ್ ತಂತಿ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಕಾರ್ಡನ್ನು ಹೊರತೆಗೆದು, ಅದರ ಚಿನ್ನದ ಲೇಪದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಒತ್ತಿ ಕೂರಿಸುವುದು.

ಬೆಂಗಳೂರಿನ ಟೌನ್‌ಹಾಲ್ ಸಮೀಪದ ಎಸ್.ಪಿ. ರಸ್ತೆಯ ಕಿರಿದಾದ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು ಗಣಕ ಜೋಡಿಸುವ ವ್ಯಾಪಾರ ಈ ಬಗೆಯ ಅರಿವಿನ ಮೇಲೆಯೇ ನಿಂತಿತು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್ ಅದರ ಸೋದರ ಪೇಟೆಗಳು. ಐಎಸ್‌ಎ ಹಿಂದೆ ಸರಿದು ಬಿಳಿಯ ಪಿಸಿಐ, 1997ರ ಹೊತ್ತಿಗೆ ಗ್ರಾಫಿಕ್ಸಿಗೆಂದೇ ಮೀಸಲಾದ ಕಂದು ಬಣ್ಣದ ಎಜಿಪಿ, 2004ರಿಂದ ಪಿಸಿಐ ಎಕ್ಸ್‌ಪ್ರೆಸ್ ಬಂದವು. ಎಜಿಪಿಯ ಕಾಲ ಕೊಳ್ಳುವವರಿಗೆ ಕಠಿಣವಾಗಿತ್ತು: 3.3 ವೋಲ್ಟಿನ ಕಾರ್ಡು 1.5 ವೋಲ್ಟಿನ ಹಲಗೆಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಕಾರ್ಡಿನ ಅಂಚಿನ ಕಚ್ಚು ಎಲ್ಲಿದೆಯೆಂದು ನೋಡಿಯೇ ಹಣ ಕೊಡಬೇಕಿತ್ತು. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಹೊಸ ಕಾರ್ಡು ಹಳೆಯ ಸ್ಲಾಟಿನಲ್ಲಿಯೂ ಸಾಮಾನ್ಯವಾಗಿ ನಡೆಯುವುದರಿಂದ ಆ ಚಿಂತೆ ತಗ್ಗಿ, ವಿದ್ಯುತ್ತಿನ ಲೆಕ್ಕ ಮುಂದೆ ಬಂದಿತು: ಸ್ಲಾಟು ಕೊಡುವುದು 75 ವಾಟ್, ಆರು ಪಿನ್ನಿನ ಪ್ರತ್ಯೇಕ ತಂತಿ ಮತ್ತೆ 75, ಎಂಟು ಪಿನ್ನಿನದು 150.

ಇಷ್ಟರಲ್ಲಿ ಜಿಸ್ಟ್ ಕಾರ್ಡಿನ ಅಗತ್ಯ ಮುಗಿದಿತ್ತು. ವಿಂಡೋಸ್ ಬಂದು ಅಕ್ಷರದ ಆಕೃತಿ ಫಾಂಟಿನ ಹೊಣೆಯಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕೆ ನೇರ ಬೆಂಬಲ ದೊರೆಯಿತು. ಹೊಸ ಮದರ್‌ಬೋರ್ಡುಗಳಿಂದ ಐಎಸ್‌ಎ ಸ್ಲಾಟೇ ಕಣ್ಮರೆಯಾದ್ದರಿಂದ ಕಾರ್ಡನ್ನು ಕೂರಿಸಲು ಜಾಗವೂ ಉಳಿಯಲಿಲ್ಲ. ಆದರೂ ಯೂನಿಕೋಡ್ ತನ್ನ ಕನ್ನಡ ವಿಭಾಗದಲ್ಲಿ ಅಕ್ಷರಗಳನ್ನು ಜೋಡಿಸಿದ್ದು ಇಸ್ಕಿಯ 1988ರ ಆವೃತ್ತಿಯ ಕ್ರಮವನ್ನು ಅನುಸರಿಸಿಯೇ ಆದ್ದರಿಂದ, ಆ ಕಾರ್ಡಿನ ಕಾಲದಲ್ಲಿ ಇಸ್ಕಿಯಲ್ಲಿ ದಾಖಲಾದ ಕನ್ನಡದ ಕಡತಗಳನ್ನು ಇಂದಿನ ಸಂಕೇತಕ್ಕೆ ಪರಿವರ್ತಿಸುವುದು ಬಹುಮಟ್ಟಿಗೆ ಅಕ್ಷರಕ್ಕೆ ಅಕ್ಷರ ಹೊಂದಿಸುವ ಕೆಲಸವಾಗಿ ಉಳಿದಿದೆ.