ಅಕ್ಕಿಯ ಮೇಲಿನ ಮೊದಲಕ್ಷರ: 1823ರ ಬಳ್ಳಾರಿ ವರದಿಯಲ್ಲಿ ಶಾಲಾಪ್ರವೇಶ

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಕಲೆಕ್ಟರುಗಳಿಂದ ದೇಶೀಯ ಶಾಲೆಗಳ ಸ್ಥಿತಿಗತಿಯನ್ನು ಕುರಿತು ವರದಿ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ಉತ್ತರವು ಅಂಕಿಗಳ ಜೊತೆಗೆ ಮಗು ಶಾಲೆಗೆ ಸೇರುವ ಬಗೆಯನ್ನೂ ದಾಖಲಿಸಿದೆ. ತೆಲುಗು ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ್ದ ಈ ಅಧಿಕಾರಿ ಭಾಷೆಯ ವಿಷಯದಲ್ಲಿ ಸೂಕ್ಷ್ಮಗ್ರಾಹಿಯಾಗಿದ್ದನು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದ್ದರಿಂದ ಈ ವರದಿಯು ಇಂದಿನ ಗಡಿಯ ಎರಡೂ ಬದಿಯ ಮಕ್ಕಳ ಚರಿತ್ರೆಯಾಗಿದೆ.

ವರದಿಯ ಪ್ರಕಾರ ವಿದ್ಯಾರಂಭದ ವಯಸ್ಸು ಐದು. ಆ ವಯಸ್ಸು ತುಂಬಿದಾಗ ತಂದೆತಾಯಿಗಳು ಶಾಲೆಯ ಉಪಾಧ್ಯಾಯನನ್ನೂ ವಿದ್ಯಾರ್ಥಿಗಳನ್ನೂ ಮನೆಗೆ ಆಹ್ವಾನಿಸುತ್ತಿದ್ದರು. ಎಲ್ಲರೂ ಗಣಪತಿಯ ವಿಗ್ರಹದ ಸುತ್ತ ಕುಳಿತುಕೊಳ್ಳುವರು. ಹೊಸ ಮಗುವಿಗೆ ವಿಗ್ರಹದ ಎದುರಿಗೇ ಸ್ಥಾನ. ಪಕ್ಕದಲ್ಲಿ ಕುಳಿತ ಉಪಾಧ್ಯಾಯನು ಪೂಜೆಯ ನಂತರ ಮಗುವಿನಿಂದ ಪ್ರಾರ್ಥನೆಯನ್ನು ಹೇಳಿಸಿ, ಅದರ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಯಿಸುವನು. ಯಥಾಶಕ್ತಿ ಕಾಣಿಕೆ ಪಡೆದು ಅವನು ಹಿಂತಿರುಗಿದ ಮರುದಿನ ಬೆಳಿಗ್ಗೆ ಮಗು ಶಾಲೆಗೆ ಹೋಗುವುದು. ಅಲ್ಲಿ ಅದು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಅನಂತರ ಇದ್ದಿಲು ಬಳಿದ ಹಲಗೆ ಅಥವಾ ಕಡತ, ಕೈಯಲ್ಲಿ ಬಳಪ.

ಇಲ್ಲಿ ಗಮನಿಸಬೇಕಾದುದು ಪ್ರವೇಶದ ದಿಕ್ಕು. ಮಗು ಶಾಲೆಗೆ ಹೋಗುವ ಮೊದಲು ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಮರುದಿನ ಎದುರಾಗುವ ಮುಖಗಳು ಅಪರಿಚಿತವಾಗಿರಲಿಲ್ಲ. ಸಿದ್ಧತೆಯ ಹೊಣೆ ಮಗುವಿನ ಮೇಲಷ್ಟೇ ಬೀಳದೆ ಶಾಲೆಯ ಮೇಲೂ ಇತ್ತು.

ಆದರೆ ಇದನ್ನು ಸುವರ್ಣಯುಗವೆಂದು ಬಗೆಯಲಾಗದು. ಸುಮಾರು 9,27,857 ಜನರಿದ್ದ ಜಿಲ್ಲೆಯಲ್ಲಿ ವಿದ್ಯಾರ್ಥಿಗಳು 6,641 ಮಾತ್ರ. ಅವರಲ್ಲಿ ಹೆಣ್ಣುಮಕ್ಕಳು 60. ಅಕ್ಕಿಯ ತಟ್ಟೆ ಬಹುತೇಕ ಮನೆಗಳಿಗೆ ಬರಲೇ ಇಲ್ಲ. ಶಾಲೆ ಸೇರಿದವರ ಸ್ಥಿತಿಯ ಬಗೆಗೂ ಕ್ಯಾಂಬೆಲ್ ಆಕ್ಷೇಪವೆತ್ತುತ್ತಾನೆ: ಪಾಠದ ಪದ್ಯಗಳ ಭಾಷೆ ಆಡುಮಾತಿನಿಂದ ದೂರವಾಗಿದ್ದು, ಮಕ್ಕಳು ಅರ್ಥವರಿಯದೆ ಅವನ್ನು ಕಂಠಪಾಠ ಮಾಡುತ್ತಿದ್ದರು. ಮನೆಯ ಮಾತಿಗೂ ಶಾಲೆಯ ಮಾತಿಗೂ ಇರುವ ಅಂತರದ ಪ್ರಶ್ನೆ ಗಡಿರೇಖೆಗಿಂತ ಹಳೆಯದು.

ಜಿಲ್ಲೆಯ 533 ಶಾಲೆಗಳನ್ನು ವರದಿ ಭಾಷಾವಾರು ವಿಂಗಡಿಸುತ್ತದೆ: ಕನ್ನಡ 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1, ಉಳಿದ 23 ಸಂಸ್ಕೃತ ವಿದ್ಯಾಸ್ಥಾನಗಳು. ಕನ್ನಡ ತೆಲುಗುಗಳೆರಡೂ ಹೆಚ್ಚುಕಡಿಮೆ ಸರಿಸಮವಾಗಿದ್ದ ಆ ನಾಡಿನಲ್ಲಿ ಯಾವುದೊಂದನ್ನೂ ಅಲ್ಪಸಂಖ್ಯಾತವೆಂದು ಕರೆಯಲು ಆಸ್ಪದವಿರಲಿಲ್ಲ. ಆ ಸ್ಥಾನವನ್ನು ಭಾಷೆಗಳಿಗೆ ಕೊಟ್ಟದ್ದು ರಾಜ್ಯಗಳ ರಚನೆ.

ಆ ಬದಲಾವಣೆಗೆ ಪರಿಹಾರವಾಗಿ 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಬೇಕೆಂಬುದು ಅದರ ಆಶಯ. ‘ಪ್ರಾಥಮಿಕ ಹಂತ’ ಎಂಬ ಈ ಮಾತು ಚರ್ಚಾರ್ಹ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣ ಅಂಗನವಾಡಿಯ ಕೆಲಸವಾಯಿತು. ಮುಂದೆ ಖಾಸಗಿ ಶಿಶುವಿಹಾರಗಳೂ ಹರಡಿದವು. ಹೀಗೆ ಮಗುವಿನ ಮೊದಲ ದಿನ ಒಂದನೆಯ ತರಗತಿಗಿಂತ ಎರಡು ಮೂರು ವರ್ಷ ಹಿಂದಕ್ಕೆ ಸರಿಯಿತು. ವಿಧಿಯ ಮಾತು ಮಾತ್ರ ಇದ್ದಲ್ಲೇ ಉಳಿಯಿತು. ಶಿಶುವಿಹಾರದಲ್ಲಿ ಎಣಿಕೆ, ಹಾಡು, ಅಕ್ಷರಗಳನ್ನು ಬೇರೊಂದು ಭಾಷೆಯಲ್ಲಿ ಕಲಿತ ಮಗು ಒಂದನೆಯ ತರಗತಿಗೂ ಅದೇ ಭಾಷೆಯನ್ನು ಹಿಡಿಯುವುದು ಸಹಜ. ಕನ್ನಡ ಶಾಲೆಯ ಹಾಜರಿಪುಸ್ತಕ ತೆರೆಯುವ ಮೊದಲೇ ಆಯ್ಕೆ ಮುಗಿದಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರನೆಯ ವಯಸ್ಸಿನಿಂದಲೇ ಬುನಾದಿ ಹಂತವನ್ನು ಎಣಿಸುತ್ತದೆ. ಗಡಿನಾಡಿನ ಕನ್ನಡ ಶಾಲೆಗಳನ್ನು ಕುರಿತ ಅಧ್ಯಯನವೂ ಅಲ್ಲಿಂದಲೇ ಆರಂಭವಾಗಬೇಕು. ಶಾಲೆಗಳನ್ನು ಭಾಷಾವಾರು ಎಣಿಸಿದ 1823ರ ಕೋಷ್ಟಕದಂತೆ ಆದವಾನಿ, ರಾಯದುರ್ಗ, ಮಡಕಶಿರಾಗಳ ಅಂಗನವಾಡಿಗಳನ್ನೂ ಎಣಿಸಿ, ಮಗುವಿನ ಮನೆಮಾತು ಯಾವುದು, ಅದನ್ನು ಬರಮಾಡಿಕೊಳ್ಳುವವರ ಮಾತು ಯಾವುದು ಎಂಬ ಎರಡು ಅಂಕಣಗಳನ್ನು ತುಂಬುವುದು ಮೊದಲ ಕೆಲಸ. ಐದು ವರ್ಷದ ಮಗುವಿನ ಮನೆಗೆ ಶಾಲೆಯೇ ನಡೆದುಬರುತ್ತಿದ್ದ ನಾಡಿನಲ್ಲಿ ಮೂರು ವರ್ಷದ ಮಗುವನ್ನು ಅದರ ಮಾತಿನಲ್ಲಿ ಎದುರುಗೊಳ್ಳಬೇಕೆಂಬ ಅಪೇಕ್ಷೆ ಅತಿಯಾದದ್ದಲ್ಲ.