ದಂಡಿನ ಖರ್ಚು, ನಮ್ಮ ಕಂದಾಯ

ಮೈಸೂರು ಕಡೆಯಿಂದ ಚೆನ್ನೈಗೆ ಹೋಗುವ ರೈಲು ಹತ್ತಿದವರು ಮೆಜೆಸ್ಟಿಕ್ ದಾಟಿದ ಮೇಲೆ ಒಂದು ಬೋರ್ಡು ನೋಡಿರುತ್ತೀರಿ: ಬೆಂಗಳೂರು ದಂಡು. ದಂಡು ಅಂದರೆ ಸೈನ್ಯ, ಅದು ಬೀಡುಬಿಟ್ಟ ಜಾಗ. ಕಂಟೋನ್ಮೆಂಟಿಗೆ ನಮ್ಮ ಹಿರಿಯರು ಇಟ್ಟ ಹೆಸರು. ಅದನ್ನು ಕಟ್ಟಿದ್ದು ಬ್ರಿಟಿಷರು ಅಂತ ಶಾಲೆಯಲ್ಲಿ ಓದಿದ್ದೇವೆ. ದುಡ್ಡು ಯಾರದು ಅಂತ ಮಾತ್ರ ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ. ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರದ ರಾಗಿ ಹೊಲದ ಕಂದಾಯವೂ ಅದರಲ್ಲಿತ್ತು.

ದುಡ್ಡಿಗಿಂತ ಮೊದಲು ಯುದ್ಧವೇ ನಮ್ಮ ಹೊಲಗಳ ಮೇಲೆ ಹಾದುಹೋಯಿತು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯೆಲ್ಲ ನಮ್ಮ ಈ ನಾಲ್ಕು ತಾಲ್ಲೂಕುಗಳ ಸುತ್ತಲೇ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೇನೆ ಮಾಗಡಿಯ ಸಾವನದುರ್ಗವನ್ನು ಹಿಡಿಯಿತು. ಕನಕಪುರ ಆಗ ಕಾನಕಾನಹಳ್ಳಿ. ಬ್ರಿಟಿಷ್ ಸೇನೆಗೆ ಆಸರೆ ಸಿಗಬಾರದೆಂದು ಟಿಪ್ಪು ಆ ಊರನ್ನು ಎರಡು ಸಲ ಹಾಳುಗೆಡವಿದ. ಯಾರ ಸೈನ್ಯ ಬಂದರೂ ಊರಿನವರಿಗೆ ಆದದ್ದು ಒಂದೇ.

1799ರ ಮೇ 4ರಂದು ಟಿಪ್ಪು ಸತ್ತ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, ಪೂರ್ಣಯ್ಯ ದಿವಾನರಾದರು. ಜುಲೈ 8ರಂದು ಕಂಪನಿಯ ಜೊತೆ ಒಪ್ಪಂದ ಆಯಿತು. ಪಠ್ಯಪುಸ್ತಕದಲ್ಲಿ ಸಹಾಯಕ ಸೈನ್ಯ ಪದ್ಧತಿ ಅಂತ ಒಂದು ಅಂಕಕ್ಕೆ ಓದಿದ್ದು ಇದನ್ನೇ. ಕಂಪನಿಯ ಸೈನ್ಯ ಮೈಸೂರನ್ನು ಕಾಯುತ್ತದೆ, ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ 24.5 ಲಕ್ಷ ರೂಪಾಯಿ, ಹನ್ನೆರಡು ತಿಂಗಳ ಕಂತಿನಲ್ಲಿ ಕಟ್ಟಬೇಕು. ಇದಕ್ಕೆ ಪೊಗದಿ ಅನ್ನುತ್ತಿದ್ದರು. ಕಂತು ತಪ್ಪುತ್ತದೆ ಅನ್ನಿಸಿದರೆ ಗವರ್ನರ್ ಜನರಲ್ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದು. ಟ್ರ್ಯಾಕ್ಟರ್ ಸಾಲದ ಕಂತು ತಪ್ಪಿದರೆ ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋಗುತ್ತಾರಲ್ಲ, ಹಾಗೆ. ಇಷ್ಟು ಸಾಲದೆಂದು 1807ರಲ್ಲಿ ಇನ್ನೊಂದು ಕರಾರು: ಮೈಸೂರು ತನ್ನ ಖರ್ಚಿನಲ್ಲೇ 4,000 ಕುದುರೆ ಸವಾರರನ್ನು ಸಾಕಿ, ಕಂಪನಿ ಕರೆದಾಗ ಕಳಿಸಬೇಕು.

ಈ ಹೊಸ ಏರ್ಪಾಡಿನ ಗುರುತು ನಮ್ಮ ಜಿಲ್ಲೆಯ ಮೇಲೇ ಬಿತ್ತು. ಬೆಂಗಳೂರು-ಶ್ರೀರಂಗಪಟ್ಟಣ ಹೆದ್ದಾರಿಯ ಕಾಡು ಸವರಿ, ಕಳ್ಳರ ಭಯ ತಪ್ಪಿಸಲು ಪೂರ್ಣಯ್ಯ 1800ರಲ್ಲಿ ಒಂದು ಊರು ಕಟ್ಟಿಸಿದರು. ಹೆಸರು ಇಟ್ಟಿದ್ದು ರೆಸಿಡೆಂಟ್ ಬ್ಯಾರಿ ಕ್ಲೋಸ್‌ನದು: ಕ್ಲೋಸ್‌ಪೇಟೆ. ಅದೇ ಇಂದಿನ ರಾಮನಗರ. ಭೂಗರ್ಭಶಾಸ್ತ್ರದವರು ನಮ್ಮ ಬಂಡೆಗಳನ್ನು ಈಗಲೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. (2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆದಾಗ ಎಷ್ಟು ಗಲಾಟೆ! ದೊಡ್ಡವರ ಮರ್ಜಿಗೆ ಹೆಸರು ಬದಲಾಗುವುದು ಈ ಊರಿಗೆ ಹೊಸದಲ್ಲ.)

ಸೈನ್ಯ ಮೊದಲು ಇದ್ದದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿ ಜ್ವರ ತಡೆಯಲಾರದೆ 1809ರಲ್ಲಿ ಹಲಸೂರಿನ ಕಡೆಗೆ ಬಂತು. ಬೆಂಗಳೂರು ದಂಡು ಹುಟ್ಟಿದ್ದು ಹೀಗೆ. 1831ರಲ್ಲಿ ನಗರದ ರೈತರು ದಂಗೆ ಎದ್ದಿದ್ದಾಗ ಗವರ್ನರ್ ಜನರಲ್ ಬೆಂಟಿಂಕ್, ಪೊಗದಿಯ ಭದ್ರತೆಯ ಷರತ್ತನ್ನೇ ಹಿಡಿದು ಒಡೆಯರಿಂದ ರಾಜ್ಯವನ್ನು ಕಿತ್ತುಕೊಂಡ. ಪೊಗದಿಗೆ ಆಗ ತಕ್ಷಣದ ಅಪಾಯವೇನೂ ಇರಲಿಲ್ಲ ಅಂತ ಮುಂದೆ ಅವನೇ ಬರೆದ. ಆದರೆ ರಾಜ್ಯ ವಾಪಸು ಬರಲು 50 ವರ್ಷ ಹಿಡಿಯಿತು.

ಆ 50 ವರ್ಷದ ಕೊನೆಗೆ ಬಂದದ್ದು 1876-78ರ ಬರ. 1871ರಲ್ಲಿ ಸುಮಾರು 50.5 ಲಕ್ಷ ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಇಂಥ ಹೊತ್ತಿನಲ್ಲಿ, ರಾಜ್ಯ ವಾಪಸು ಕೊಡುವಾಗ ಬ್ರಿಟಿಷರು ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು! ಬರದ ಸಾಲ ತಲೆ ಮೇಲಿದೆ ಅಂತ ಏರಿಕೆಯನ್ನು ಮುಂದೂಡಿದರು, ಮತ್ತೆ ಮುಂದೂಡಿದರು, 1896ರಿಂದ ವಸೂಲಿ ಮಾಡಿದರು. 1881ರಲ್ಲಿ ಸಂಸ್ಥಾನದ ವರಮಾನ ಸುಮಾರು ಒಂದು ಕೋಟಿ. ಹಳೆಯ ಪೊಗದಿಯೇ ರೂಪಾಯಿಗೆ ಸುಮಾರು ನಾಲ್ಕಾಣೆ. ತಲೆಗೆ ಹಂಚಿದರೆ, ಬರದಲ್ಲಿ ಬದುಕಿ ಉಳಿದ ಕೂಸಿನ ಪಾಲಿಗೂ ವರ್ಷಕ್ಕೆ ಒಂಬತ್ತು ಆಣೆ. ಆ ವರಮಾನದ ದೊಡ್ಡ ಪಾಲು ಬರುತ್ತಿದ್ದುದು ಭೂಕಂದಾಯದಿಂದ.

1881ರ ಆ ಕರಾರಿನಲ್ಲಿ ದುಡ್ಡಿನ ಆಚೆಗೂ ಷರತ್ತುಗಳಿದ್ದವು. ಬ್ರಿಟಿಷರು ಎಲ್ಲಿ ದಂಡು ಬೇಕೆಂದರೆ ಅಲ್ಲಿ ಮಹಾರಾಜರು ಜಮೀನನ್ನು ಪುಕ್ಕಟೆ ಕೊಡಬೇಕು, ಆ ಜಾಗದ ಮೇಲಿನ ಅಧಿಕಾರವನ್ನೂ ಬಿಟ್ಟುಕೊಡಬೇಕು. ಬೆಂಗಳೂರಿನ ದಂಡು ಪ್ರದೇಶ ಹಾಗೆ ಬ್ರಿಟಿಷರ ಕೈಯಲ್ಲೇ ಉಳಿಯಿತು. ಇನ್ನೊಂದು ಷರತ್ತು: ಮೈಸೂರು ಹೊಸ ಕೋಟೆ ಕಟ್ಟಕೂಡದು, ಹಳೆಯದರ ರಕ್ಷಣೆಯ ಗೋಡೆಗಳನ್ನು ಅನುಮತಿಯಿಲ್ಲದೆ ರಿಪೇರಿಯೂ ಮಾಡಕೂಡದು. ಸಾವನದುರ್ಗ, ರಾಮಗಿರಿಯ ಕೋಟೆ ಗೋಡೆಗಳಲ್ಲಿ ಗಿಡ ಬೆಳೆದದ್ದನ್ನು ನೋಡಿದಾಗ ನನಗೆ ಈ ಸಾಲು ನೆನಪಾಗುತ್ತದೆ. ಬೇರೆಯವರ ಬ್ಯಾರಕ್ಕಿಗೆ ದುಡ್ಡು ಕಟ್ಟು, ನಿನ್ನ ಕೋಟೆಯ ಕಲ್ಲು ಮುಟ್ಟಬೇಡ.

ಆಮೇಲೆ ನೀರು. ಮೊದಲು 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರನ್ನು ಬೆಂಗಳೂರು ನಗರಕ್ಕೂ ದಂಡಿಗೂ ತಂದರು. ಅದು ಸಾಲದಾದಾಗ ಮೈಸೂರು ಸರ್ಕಾರ ಅದೇ ಹೊಳೆಯ ಕೆಳಗೆ, ಅರ್ಕಾವತಿಗೆ ಕುಮುದ್ವತಿ ಸೇರುವಲ್ಲಿ, ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಿತು. 1933ರಲ್ಲಿ ನೀರು ಹರಿಯಿತು. ಚಾಮರಾಜಸಾಗರ ಅಂತ ಹೆಸರು, ನಮಗೆಲ್ಲ ಟಿ.ಜಿ. ಹಳ್ಳಿ ಡ್ಯಾಂ. ರಾಮನಗರ, ಕನಕಪುರ ದಾಟಿ ಸಂಗಮಕ್ಕೆ ಇಳಿಯಬೇಕಿದ್ದ ನೀರು ಪಂಪು ಹತ್ತಿ ಬೆಂಗಳೂರಿಗೆ ಹೋಯಿತು. ನಗರದ ಜನರಿಗೂ ನೀರು ಬೇಕಿತ್ತು, ಅದನ್ನು ತಪ್ಪೆನ್ನಲಾರೆ. ದಂಡಿನಿಂದ ಲಾಭವೇ ಇರಲಿಲ್ಲ ಅಂತಲೂ ಅಲ್ಲ: ಮಾರುಕಟ್ಟೆ ಬೆಳೆಯಿತು, ಕೆಲಸ ಸಿಕ್ಕಿತು. ಆದರೆ ಲಾಭ ಬೆಂಗಳೂರಿನ ಸುತ್ತಲೇ ಸುತ್ತಿತು, ಕಂತು ಮಾತ್ರ ಸಂಸ್ಥಾನದ ಮೂಲೆ ಮೂಲೆಯಿಂದ ಹೋಯಿತು.

ಇಷ್ಟು ಕಟ್ಟುತ್ತಲೇ 1914ರಲ್ಲಿ ಮಹಾಯುದ್ಧಕ್ಕೆಂದು ನಾಲ್ವಡಿಯವರು 50 ಲಕ್ಷ ರೂಪಾಯಿ ಬೇರೆ ಕೊಟ್ಟರು. ಮೈಸೂರಿನ ಸ್ವಂತ ಲ್ಯಾನ್ಸರ್ ಪಡೆ 1918ರಲ್ಲಿ ಹೈಫಾದಲ್ಲಿ ಹೋರಾಡಿತು. ಪೊಗದಿ ಕಡಿಮೆ ಮಾಡಿ ಎಂದು ಮೈಸೂರು ಕೇಳುತ್ತಲೇ ಇತ್ತು. ಕೊನೆಗೆ 1927ರಲ್ಲಿ ವೈಸರಾಯ್ ಇರ್ವಿನ್ 10.5 ಲಕ್ಷ ಬಿಟ್ಟುಕೊಡುವುದಾಗಿ ಹೇಳಿದ. ಅಂದರೆ 1799ರ ಅಂಕಿಗೇ ವಾಪಸು.

ನಾನು ಕ್ಯಾಲ್ಕುಲೇಟರ್ ಹಿಡಿದು ಕೂಡಿದೆ. 1896ರವರೆಗೆ 24.5 ಲಕ್ಷದಂತೆ, 1928ರವರೆಗೆ 35 ಲಕ್ಷದಂತೆ, ಆಮೇಲೆ 1947ರವರೆಗೆ ಮತ್ತೆ 24.5 ಲಕ್ಷದಂತೆ. ಕರಾರಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 40 ಕೋಟಿ ಆಗುತ್ತದೆ, ಅದೂ ಅಂದಿನ ರೂಪಾಯಿಯಲ್ಲಿ. ದಂಡು ಪ್ರದೇಶ ಮೈಸೂರಿಗೆ ವಾಪಸು ಸೇರಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯ ಬರಲು ಮೂರು ವಾರವೂ ಇಲ್ಲದಾಗ.